ಅರವತ್ತರ ಬಲ್ಬು

ಹಂಸಭಾವಿ ಕಡೆಯ ಶಾಲೆಗೆ ಕರೆಂಟು ಬಂದ ಹೊಸತು. ನಾನು ಕನ್ನಡ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಮಾಸ್ತರರು. ಸೀಮೆಸುಣ್ಣ ಮೆತ್ತಿದ ಬೆರಳನ್ನು ಧೋತರಕ್ಕೆ ಒರೆಸುತ್ತ, “ಬರೆದದ್ದು ನಂಬಬ್ಯಾಡ್ರಿ, ಅಳದು ನೋಡ್ರಿ” ಎಂದು ಮಕ್ಕಳಿಗೆ ಹೇಳುವರು.

ತಪಾಸಣೆಗೆ ಬಂದ ಸಾಹೇಬರು ಒಮ್ಮೆ ಅವರ ತರಗತಿಯಲ್ಲಿ ಉರಿಯುವ ಬಲ್ಬು ತೋರಿಸಿ, ಎಷ್ಟು ವ್ಯಾಟ್ ಎಂದು ಕೇಳಿದರು. ಮಕ್ಕಳು ಮಾಸ್ತರರು ಬಲ್ಬಿಗೆ ಜೋಡಿಸಿಟ್ಟಿದ್ದ ಮೀಟರುಗಳನ್ನು ನೋಡಿ, ನೂರ ಅರವತ್ತು ವೋಲ್ಟನ್ನು ಸೊನ್ನೆ ದಶಾಂಶ ಎರಡು ಆಂಪಿಯರಿನಿಂದ ಗುಣಿಸಿ ಬೋರ್ಡಿನ ಮೇಲೆ ಮೂವತ್ತೆರಡು ಬರೆದರು.

“ಬಲ್ಬಿನ ಮ್ಯಾಲೆ ಅರವತ್ತಂತ ಐತಿ. ತಿದ್ರಿ, ಮಾಸ್ತರ!” ಸಾಹೇಬರು ಗುಡುಗಿದರು.

“ಎರಡನೂರಾ ಮೂವತ್ತು ವೋಲ್ಟು ಬಂದರ ಅರವತ್ತರಿ. ನಮ್ಮೂರಿಗೆ ಅಷ್ಟು ಯಾವತ್ತರ ಬಂದೈತೇನ್ರಿ?” ಮಾಸ್ತರರು ಸೀಮೆಸುಣ್ಣ ಚಾಚಿದರು. “ಅರವತ್ತಂತ ನೀವ ಬರೀರಿ. ಕೆಳಗ ಸಹಿ ಮಾಡ್ರಿ.”

ಸಾಹೇಬರು ಸುಣ್ಣ ಮುಟ್ಟಲಿಲ್ಲ. ಆ ಮೂವತ್ತೆರಡನ್ನು ಮಾಸ್ತರರು ವಾರವಿಡೀ ಯಾರಿಗೂ ಒರೆಸಗೊಡಲಿಲ್ಲ.