ಮಗಳ ಕಾರಿಗೆ ಕೀಲೆಣ್ಣೆ

ನಾನು ಶಹಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಎಂಟನೇ ತರಗತಿಗೆ ಘರ್ಷಣೆಯ ಪಾಠವನ್ನು ಹದಿನೆಂಟು ವರ್ಷದಿಂದ ಮಾಡುತ್ತಿದ್ದೇನೆ, ಅದೂ ಪುಸ್ತಕ ತೆರೆಯದೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದವರು ಇವನಿಗೆ ನೌಕರಿ ಕೊಟ್ಟವರು ಯಾರು ಎಂದು ಹೇಗೂ ಕೇಳುತ್ತಾರೆ.

ಕಾರಿನ ಹುಚ್ಚು ಹತ್ತಿದ್ದು ಹೋದ ವರ್ಷ. ಯಾರೋ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ್ದರು. ಎಲ್ಲಿಯವೋ ಮಕ್ಕಳು ಅಂಗೈಯಷ್ಟು ಅಗಲದ ಕಟ್ಟಿಗೆಯ ಕಾರು ಮಾಡಿ, ಇಳಿಜಾರು ಹಲಗೆಯ ಮೇಲಿಂದ ಬಿಟ್ಟು ರೇಸು ಆಡುತ್ತಿದ್ದರು. ಎಂಜಿನ್ನಿಲ್ಲ, ಸೆಲ್ಲಿಲ್ಲ, ರಿಮೋಟಿಲ್ಲ. ನಮ್ಮ ಓಣಿಯ ಮಕ್ಕಳಿಂದಲೂ ಇದನ್ನು ಮಾಡಿಸಲೇಬೇಕು ಎಂದು ಆ ಕ್ಷಣವೇ ತೀರ್ಮಾನಿಸಿದೆ. ನಾನು ಏನನ್ನಾದರೂ ತೀರ್ಮಾನಿಸಿದಾಗ ನನ್ನ ಹೆಂಡತಿ ಅಡುಗೆಮನೆಯ ಸಾಮಾನು ಎಣಿಸಿಟ್ಟುಕೊಳ್ಳುತ್ತಾಳೆ. ಆ ಸಲ ಮಾತ್ರ ಮರೆತಳು.

ರಸ್ತೆಗೆ ಹಲಗೆ ಹುಡುಕುವ ಪ್ರಮೇಯವೇ ಬರಲಿಲ್ಲ. ನಮ್ಮಲ್ಲಿ ನೆಲಕ್ಕೂ ಫರಸಿ ಕಲ್ಲು, ಮಾಡಿಗೂ ಫರಸಿ, ಬಚ್ಚಲಿಗೂ ಫರಸಿ. ಓಣಿಯ ತುದಿಯಲ್ಲಿ ಕಲ್ಲಿಗೆ ಪಾಲಿಶ್ ಹೊಡೆಯುವ ಸಣ್ಣ ಕಾರ್ಖಾನೆ ಇದೆ. ರವಿವಾರ ಮಷೀನು ಬಂದ್ ಇರುತ್ತದೆ, ಅಂಗಳ ಬಳಸಿಕೊಳ್ಳಿ ಎಂದು ಅದರ ಮಾಲಕರು ಹೇಳಿದರು. ಉದ್ದನೆಯ ಮೂರು ನುಣುಪು ಕಲ್ಲು ಸಾಲಾಗಿ ಜೋಡಿಸಿ, ಮೊದಲನೆಯದರ ತುದಿಯನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಕೊನೆಯ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದೆವು. ಒಬ್ಬೊಬ್ಬರಾಗಿ ಬಿಡುವುದು, ಯಾರ ಕಾರು ಗೆರೆ ದಾಟಿ ಹೆಚ್ಚು ದೂರ ಹೋಗುತ್ತದೋ ಅವರು ಗೆದ್ದಂತೆ.

ಕಾರಿನ ಮೈಗೆ ಬಡಿಗೇರನ ಅಂಗಡಿಯ ತುಂಡುಗಳು ಸಿಕ್ಕವು, ಅಚ್ಚಿಗೆ ಸೈಕಲ್ಲಿನ ಕಡ್ಡಿ. ತೊಂದರೆ ಬಂದದ್ದು ಗಾಲಿಗೆ. ಅಷ್ಟು ಸಣ್ಣ, ಅಷ್ಟು ದುಂಡನೆಯ ಕಟ್ಟಿಗೆ ಮನೆಯಲ್ಲಿ ಒಂದೇ ಒಂದಿತ್ತು.

"ಏನ್ರಿ, ಲಟ್ಟಣಿಗಿ ಎಲ್ಲಿ ಇಟ್ಟೀರಿ?" ಎಂದು ಹೆಂಡತಿ ಕೇಳಿದಾಗ ಅದು ಎಂಟು ಗಾಲಿಯಾಗಿ ಮೇಜಿನ ಮೇಲೆ ಕೂತಿತ್ತು. ಅಂಗಡಿಗೆ ಹೋಗಿ ಹೊಸದನ್ನು ತರುವಷ್ಟರಲ್ಲಿ ಒಂದು ವಾರವಾಯಿತು. ಅಲ್ಲಿಯವರೆಗೆ ಆಕೆ ನೀರಿನ ಬಾಟಲಿಯಲ್ಲಿ ಚಪಾತಿ ಲಟ್ಟಿಸಿದಳು. ರೊಟ್ಟಿಗೆ ಲಟ್ಟಣಿಗೆ ಬೇಕಾಗಿಲ್ಲವಲ್ಲ, ರೊಟ್ಟಿಯನ್ನೇ ಮಾಡಬಹುದು ಎಂದು ನಾನು ಸಲಹೆ ಕೊಟ್ಟೆ. "ಹಂಗಾದ್ರ ಬರ್ರಿ, ಕುಂತು ಬಡೀರಿ" ಎಂದು ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದಳು.

ನನ್ನ ಮಗಳು ಐದನೇ ತರಗತಿ. ಹೋದ ವರ್ಷ ಆಕೆಯ ಕಾರು ಇಳಿಜಾರನ್ನು ಚೆನ್ನಾಗಿಯೇ ಇಳಿದು, ಗೆರೆಗೆ ಒಂದು ಗೇಣು ಇದೆ ಅನ್ನುವಾಗ ನಿಂತುಬಿಟ್ಟಿತು. ವಾಡಿ ಸ್ಟೇಷನ್ ಕಣ್ಣಿಗೆ ಕಾಣುತ್ತಿರುವಾಗ ಸಿಗ್ನಲ್ ಸಿಗದೆ ಹೊರಗೇ, ಔಟರಿನಲ್ಲಿ, ನಿಲ್ಲುವ ರೈಲಿನಲ್ಲಿ ಕೂತು ಗೊತ್ತಿರುವ ಮಕ್ಕಳು ನಮ್ಮವು. ಆಕೆಗೆ "ವಾಡಿ ಔಟರ್" ಎಂದು ಹೆಸರಿಟ್ಟರು. ವರ್ಷವಿಡೀ ಶಾಲೆಯಲ್ಲಿ, ಓಣಿಯಲ್ಲಿ ಅದೇ ಹೆಸರು. ಆಕೆ ನಕ್ಕು ಸುಮ್ಮನಾಗುತ್ತಿದ್ದಳು. ಆ ನಗು ಖರೆಯದಲ್ಲ ಎಂದು ನನಗೆ ಗೊತ್ತಿತ್ತು.

ಹೋದ ವರ್ಷದ ಕಾರು ಅರ್ಧ ನನ್ನದೇ. ಪಕ್ಕದಲ್ಲಿ ಕೂತು ಹಾಗೆ ಹಿಡಿ, ಹೀಗೆ ತಿಕ್ಕು, ತಾ ಇಲ್ಲಿ ಎಂದು ಜೀವ ತಿಂದಿದ್ದೆ. ಈ ವರ್ಷ ಆಕೆ ಮೊದಲೇ ಕರಾರು ಹಾಕಿದಳು.

"ಅಪ್ಪಾ, ಕಟ್ಟಿಗಿ ಕೊಯ್ದು ಕೊಡು, ತೂತು ಹಾಕಿ ಕೊಡು. ಅಷ್ಟ. ಆಮ್ಯಾಲ ನೀ ಕೈ ಹಚ್ಚಬ್ಯಾಡ."

"ಸುಮ್ಮ ನೋಡ್ತೀನಿ."

"ನೋಡೋದೂ ಬ್ಯಾಡ. ನಂಗ ಗೆಲ್ಲೋದು ಬೇಕಾಗಿಲ್ಲ. ಗೆರಿ ದಾಟಿದ್ರ ಸಾಕು. ಖರೆ ನಾ ಮಾಡಿದ್ದ ಗಾಡೀನ ದಾಟಬೇಕು."

ದೇವರ ಮನೆಯ ಮುಂದೆ ನಿಲ್ಲಿಸಿ ನನ್ನಿಂದ ಮಾತು ತೆಗೆದುಕೊಂಡಳು. ಎರಡು ವಾರ ಪಾಲಿಶ್ ಪೇಪರಿನಿಂದ ತಿಕ್ಕಿದಳು, ಗೇಟಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದಳು. ನಾನು ಆ ಕಡೆ ತಲೆ ಹಾಕಲಿಲ್ಲ. ಹದಿನಾಲ್ಕು ದಿನ ಹಾಗಿದ್ದದ್ದು ನನ್ನ ಜೀವಮಾನದ ಸಾಧನೆ ಎಂದೇ ಈಗಲೂ ತಿಳಿದಿದ್ದೇನೆ.

ರೇಸಿನ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಮಗಳು ಮಠಕ್ಕೆ ಸ್ತೋತ್ರದ ಕ್ಲಾಸಿಗೆ ಹೋಗಿದ್ದಳು. ಕಾರು ಕಪಾಟಿನ ಮೇಲಿತ್ತು. ನೋಡಿದರೆ ಏನಾಗುತ್ತದೆ ಎಂದು ಕೆಳಗಿಳಿಸಿದೆ. ಗಾಲಿ ತಿರುಗಿಸಿದೆ. ಅಚ್ಚಿನ ಸುತ್ತ, ಗಾಲಿಯ ತೂತಿನೊಳಗೆ ಎಂಥದೋ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಪಾಪ, ಕೂಸು, ಹೊಲಸು ಒರೆಸುವುದನ್ನು ಮರೆತಿದೆ ಎಂದುಕೊಂಡು, ಊದಿನಕಡ್ಡಿಗೆ ಬಟ್ಟೆ ಸುತ್ತಿ, ನಾಲ್ಕೂ ಗಾಲಿಯನ್ನು ಚೊಕ್ಕಟ ಮಾಡಿದೆ. ಒರೆಸುವುದು ಕೈ ಹಚ್ಚಿದಂತಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಅದೇ ಹೊತ್ತಿಗೆ ಭಂಕೂರಿನ ಅಜ್ಜ ಬಂದರು. ಏನಾದರೂ ಅರ್ಜಿ ತುಂಬಿಸಬೇಕಾದಾಗ ನಮ್ಮ ಮನೆಗೇ ಬರುವ ಹಳೆಯ ಕಾಲದ ರೈತ. ಮಗ ಟ್ರ್ಯಾಕ್ಟರ್ ಕೊಂಡ ಮೇಲೂ ತಮ್ಮ ಎತ್ತಿನ ಬಂಡಿಯನ್ನು ಬಿಟ್ಟುಕೊಡದ ಹಟಮಾರಿ. ಅರ್ಜಿಯನ್ನು ಪಕ್ಕಕ್ಕಿಟ್ಟು, ಕಾರನ್ನು ಎತ್ತಿಕೊಂಡು, ಗಾಲಿ ತಿರುಗಿಸಿ ಕಿವಿಗೆ ಹಿಡಿದರು.

"ಮಾಸ್ತರ್ರ, ಗಾಲಿ ಅಳಾಕತ್ತಾವ. ಕೀಲೆಣ್ಣಿ ಹಾಕಿಲ್ಲೇನು?"

"ಇದಕ್ಕ ಕೀಲೆಣ್ಣಿ ನಡೀತದೇನ್ರಿ ಅಜ್ಜಾರ?"

"ಗಾಲಿ ಅಂದ ಮ್ಯಾಲ ಗಾಲೀನ. ಸಣ್ಣದಿರಲಿ, ದೊಡ್ಡದಿರಲಿ. ನಲವತ್ತ ವರ್ಷ ಬಂಡಿ ಹೊಡದೀನ್ರಿ ನಾ."

ನಾನು ಯೋಚಿಸಿದೆ. ಎಣ್ಣೆ ಹಾಕಿದರೆ ಘರ್ಷಣೆ ಕಡಿಮೆಯಾಗುತ್ತದೆ, ಇದನ್ನು ಹದಿನೆಂಟು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವನು ನಾನೇ. ಅತ್ತ ನಲವತ್ತು ವರ್ಷದ ಅನುಭವ, ಇತ್ತ ವಿಜ್ಞಾನ, ಎರಡೂ ಒಂದೇ ಮಾತು ಹೇಳುತ್ತಿರುವಾಗ ಅನುಮಾನಿಸುವುದೆಂತು? ಅಜ್ಜ ಹೊರಗೆ ನಿಲ್ಲಿಸಿದ್ದ ಬಂಡಿಯ ಬುಡದಿಂದ ಕೀಲೆಣ್ಣೆಯ ಡಬ್ಬಿ ಬಿಚ್ಚಿ ತಂದರು. ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ, ಕಾಡಿಗೆಯಂಥ ಮುದ್ದೆ. ತೊಗರಿಯ ಚೀಲ ಹೇರಿದ ಬಂಡಿ ಕೆಸರಿನಲ್ಲಿ ನಡೆಯಬೇಕಾದರೆ ಬೇಕಾಗುವ ಮದ್ದು ಅದು. ನಾನು ಕಡ್ಡಿಯ ತುದಿಯಿಂದ ಸ್ವಲ್ಪವೇ ಹಚ್ಚಿದೆ.

"ಇನ್ನೊಂದೀಟು ಹಾಕ್ರಿ. ಕಂಜೂಸಿ ಮಾಡಬ್ಯಾಡ್ರಿ" ಅಂದರು ಅಜ್ಜ.

ಕಂಜೂಸಿ ಮಾಡಲಿಲ್ಲ. ಹೊರಗೆ ಸೋರಿದ್ದನ್ನು ಒರೆಸಿ, ಕಾರನ್ನು ಮೊದಲು ಇದ್ದ ದಿಕ್ಕಿಗೇ ಮುಖ ಮಾಡಿ ಕಪಾಟಿನ ಮೇಲಿಟ್ಟೆ. ಈ ಸಲ ಗೆರೆಯೇನು, ಗೋಡೆಗೇ ಹೋಗಿ ಬಡಿಯುತ್ತದೆ ಎಂದು ಖುಷಿಪಟ್ಟೆ.

ಪಾಲಿಶ್ ಕಾರ್ಖಾನೆಯ ಅಂಗಳದಲ್ಲಿ ಕಲ್ಲಿನ ಬಿಳಿ ಹುಡಿ ಹಿಟ್ಟಿನಂತೆ ಹರಡಿಕೊಂಡಿರುತ್ತದೆ. ಅದು ನನಗೇನೂ ಹೊಸದಲ್ಲ. ಆದರೂ ಮರುದಿನ ಮಕ್ಕಳು ಸರದಿಯಲ್ಲಿ ಕೂತು, ಕಾರುಗಳನ್ನು ನೆಲದ ಮೇಲೆ ಹಿಂದೆ ಮುಂದೆ ಓಡಿಸುತ್ತಿರುವಾಗ ನನ್ನ ತಲೆಗೆ ಏನೂ ಹೊಳೆಯಲಿಲ್ಲ. ಒಣ ಅಚ್ಚಿನ ಕಾರುಗಳಿಂದ ಹುಡಿ ಉದುರಿ ಹೋಗುತ್ತಿತ್ತು. ಮಗಳ ಕಾರು ಮಾತ್ರ ಸಿಕ್ಕಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು.

ಆಕೆಯ ಸರದಿ ಬಂತು. ಕಾರನ್ನು ಮೇಲಿಟ್ಟು, ಕಣ್ಣು ಮುಚ್ಚಿ, ಬಿಟ್ಟಳು. ಹಸಿರು ಕಾರು ಮನಸ್ಸಿಲ್ಲದವರಂತೆ ಇಳಿಯಿತು. ಎರಡನೇ ಕಲ್ಲಿನ ನಡುವೆ ಬಂತು. ನಿಂತಿತು. ಹೋದ ವರ್ಷ ಮುಟ್ಟಿದ ಜಾಗವೂ ಇನ್ನೂ ದೂರವಿತ್ತು.

"ವಾಡಿ ಔಟರ್! ವಾಡಿ ಔಟರ್!" ಎಂದು ಒಬ್ಬ ಶುರು ಮಾಡಿದ.

"ಔಟರ್ ಎಲ್ಲೀದೋ, ಈ ಸಲ ನಾಲವಾರದಾಗ ನಿಂತದ!" ಎಂದ ಇನ್ನೊಬ್ಬ. ನಾಲವಾರ ವಾಡಿಗಿಂತ ಇನ್ನೂ ಹಿಂದಿನ ಸ್ಟೇಷನ್. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾತು ಚೆನ್ನಾಗಿತ್ತು, ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಮಗಳು ಅಳಲಿಲ್ಲ. ಕಾರನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು. ಕೀಲೆಣ್ಣೆಯೇ ಹುಡಿ ಹಿಡಿದು ಗಾಲಿ ಬಿಗಿದಿದೆ ಎಂದು ನನಗೆ ಹೊಳೆದದ್ದು ಆಗ. "ನಾ ಎಲ್ಲಾ ಬರಾಬರ್ ಮಾಡಿದ್ದೆ ಅಪ್ಪಾ" ಅಂದಳು. ಆಮೇಲೆ, "ನಂಗ ಇದು ಬರಂಗಿಲ್ಲ ಬಿಡು" ಅಂದಳು.

ತಪ್ಪನ್ನೆಲ್ಲ ಹುಡಿಯ ಮೇಲೆ ಹಾಕಿ ಪಾರಾಗಬಹುದಿತ್ತು. ಬಾಯಿಯವರೆಗೆ ಬಂದಿತ್ತು ಆ ಸುಳ್ಳು. ಆದರೆ ಆಕೆ ಆ ಮಾತು ಹೇಳಿದ ರೀತಿ ಕೇಳಿ ಅದನ್ನು ನುಂಗಿಕೊಂಡೆ. ಮೂವತ್ತು ಮಕ್ಕಳ ಎದುರು, ಅದರಲ್ಲಿ ಅರ್ಧ ನನ್ನ ಕ್ಲಾಸಿನವೇ, ಗಟ್ಟಿಯಾಗಿ ಹೇಳಿದೆ.

"ನಗೋದು ಬಂದ್ ಮಾಡ್ರಿ. ಗಾಡಿ ಆಕಿ ಕೆಡಿಸಿಲ್ಲ, ನಾ ಕೆಡಿಸೀನಿ. ಆಕಿ ಇಲ್ಲದಾಗ ಗಾಲಿಗೆ ಕೀಲೆಣ್ಣಿ ಹಾಕೀನಿ."

ನಗು ನಿಂತಿತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಎಣ್ಣಿ ಹಾಕಿದ್ರ ಘರ್ಷಣೆ ಕಮ್ಮಿ ಆಗ್ತದಂತ ನೀವ ಬರೆಸೀರಿ. ಅದನ್ನ ಹೊಡದು ಹಾಕಬೇಕೇನ್ರಿ?" ರೇಸು ನೋಡಲೆಂದು ಬಂದಿದ್ದ ಭಂಕೂರಿನ ಅಜ್ಜನ ಕಡೆ ಸಹಾಯಕ್ಕೆಂದು ನೋಡಿದೆ. ಅವರು ಮಳೆ ಬರುತ್ತದೇನೋ ಎಂಬಂತೆ ಚಳಿಗಾಲದ ಬರಿದಾದ ಆಕಾಶ ನೋಡುತ್ತಿದ್ದರು.

ಮಗಳು ನನ್ನ ತೋಳು ಹಿಡಿದು ಜಗ್ಗಿದಳು. "ಗಾಲಿ ಒರಸಿದ್ಯಾ?"

"ಕಪ್ಪು ಹೊಲಸಿತ್ತು, ಅದಕ್ಕ..."

"ಅದು ಹೊಲಸಲ್ಲ! ಪೆನ್ಸಿಲ್ ಪುಡಿ! ನಾಕು ಪೆನ್ಸಿಲ್ ಕೆತ್ತಿ ಹಾಕಿದ್ದೆ!"

ಈಗ ಬೈಗುಳ ಬರುತ್ತದೆ ಎಂದು ಕಾದೆ. ಬರಲಿ, ತಿನ್ನಬೇಕಾದದ್ದೇ. ಆದರೆ ಆಕೆಯ ಮುಖ ನಿಧಾನವಾಗಿ ಬೇರೆಯಾಗುತ್ತಿತ್ತು.

"ಅಂದ್ರ ನಂದು ಛಲೋ ಇತ್ತಾ?"

"ಭಾಳ ಛಲೋ ಇತ್ತವ್ವಾ."

ಆಕೆ ಮಕ್ಕಳ ಕಡೆ ತಿರುಗಿ ಎರಡೂ ಕೈ ಎತ್ತಿ ಕೂಗಿದಳು. "ಕೇಳಿದ್ರೇನು? ಕೆಡಿಸಿದ್ದು ನಮ್ಮಪ್ಪ! ನಾ ಅಲ್ಲ!" ಇಡೀ ಓಣಿಗೆ ಕೇಳುವ ಹಾಗೆ ಮೂರು ಸಲ ಹೇಳಿದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಊರಿಗೇ ಗೊತ್ತು. ಆದರೆ ಅವತ್ತು ಅಷ್ಟೊಂದು ಜನರ ನಡುವೆ ಮರ್ಯಾದೆ ಹೋಗುತ್ತಿದ್ದರೂ ನನಗೆ ಹಾಯೆನಿಸುತ್ತಿತ್ತು.

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆಕೆಯೇ ಗಾಲಿ ತೊಳೆದು ಬಿಸಿಲಿಗಿಟ್ಟಳು. ನಗುತ್ತಿದ್ದ ಮಕ್ಕಳೇ ಮನೆಗೆ ಓಡಿ ಹೋಗಿ ಪೆನ್ಸಿಲ್ ತಂದರು. ಕೈ ಎತ್ತಿದ್ದ ಹುಡುಗಿ ಬಗ್ಗಿ ನೋಡುತ್ತ, "ಪೆನ್ಸಿಲ್ ಪುಡಿ ಹಾಕಬೇಕಂತ ನಿಂಗ ಯಾರ್ ಹೇಳಿದ್ರು?" ಎಂದು ಕೇಳಿದಳು.

"ನಮ್ಮಪ್ಪನ. ಬೀಗ ಗಟ್ಟಿ ಆಗಿತ್ತು, ಎಣ್ಣಿ ಹಾಕಿದ್ರ ಧೂಳ ಹಿಡೀತದ, ಪೆನ್ಸಿಲ್ ಪುಡಿ ಹಾಕು ಅಂದಿದ್ರು."

ಯಾವ ಬೀಗ, ಯಾವತ್ತು ಹೇಳಿದ್ದೆ, ನನಗೆ ಒಂದೂ ನೆನಪಿಲ್ಲ. ಹದಿನೆಂಟು ವರ್ಷದಲ್ಲಿ ನನ್ನ ಮಾತನ್ನು ಯಾರಾದರೂ ಸರಿಯಾಗಿ ಕೇಳಿಸಿಕೊಂಡಿದ್ದಾರೆ ಎಂದು ಗೊತ್ತಾದದ್ದು ಅವತ್ತೇ, ಅದೂ ನಾನೇ ಮರೆತ ಮೇಲೆ.

ಆಕೆ ಮತ್ತೆ ಕಾರು ಹಿಡಿದು ಮೇಲೆ ಹೋದಳು. "ಅಪ್ಪಾ, ನೀ ಆ ಗೇಟಿನ ಹಂತೇಕ ನಿಂದ್ರು" ಎಂದಳು. ಹೋಗಿ ನಿಂತೆ. ಅಜ್ಜನೂ ಯಾರೂ ಹೇಳದೆಯೇ ಬಂದು ನನ್ನ ಪಕ್ಕದಲ್ಲಿ ನಿಂತರು.

ಕಾರು ಇಳಿಯಿತು, ಎರಡನೇ ಕಲ್ಲು ದಾಟಿತು, ಮೂರನೆಯದಕ್ಕೆ ಬಂದು ನಿಧಾನವಾಯಿತು. ಗೆರೆ ದಾಟಿ, ಎರಡು ಗೇಣು ಮುಂದೆ ಹೋಗಿ ನಿಂತಿತು. ಮಕ್ಕಳೆಲ್ಲ ಹೋ ಎಂದು ಕೂಗಿದರು. ಮಗಳು ಮಾತ್ರ ಕೂಗಲಿಲ್ಲ. ಅಷ್ಟು ದೂರದಿಂದ ನನ್ನನ್ನೇ ದಿಟ್ಟಿಸಿ ನೋಡಿದಳು.

"ಅಪ್ಪಾ, ಈಗ ನೀ ಮುಟ್ಟಿಲ್ಲಲ್ಲಾ? ಖರೇ ಹೇಳು."

"ಇಲ್ಲವ್ವಾ, ಮುಟ್ಟಿಲ್ಲ" ಅಂದೆ.

ಆಮೇಲೆ ಕುಣಿದಳು.