ಕರವಸ್ತ್ರದಲ್ಲಿ ಬಂದ ಅರ್ಧ ಉಂಡೆ

ಮಸ್ಕತ್ತಿನಿಂದ ರಜೆಗೆ ಬಂದವರೊಬ್ಬರು ಉರ್ವದ ನಮ್ಮ ಮನೆಗೆ ತಲುಪಿಸಿದ ಪೊಟ್ಟಣವನ್ನು ಮಗಳು ಬಿಚ್ಚಿದಳು. ಚಾಕಲೇಟು ಇರಲಿಲ್ಲ. ಅಲ್ಲಿ ಕೆಲಸದಲ್ಲಿದ್ದ ನನ್ನ ಗಂಡನ ಕರವಸ್ತ್ರದಲ್ಲಿ ಜ್ಯೇಷ್ಠಮಧುವಿನ ಅರ್ಧ ಉಂಡೆಯಿತ್ತು.

ಅವಳ ಹಲ್ಲು ಹುಳುಕಾದದ್ದಕ್ಕೆ ಕಂಕನಾಡಿಯ ಪಂಡಿತರು ಸಕ್ಕರೆ ಹಾಕದೆ ಮಾಡಿಕೊಡುತ್ತಿದ್ದ ಮಿಠಾಯಿ ಅದು. ಅಪ್ಪನಿಗೂ ಹಲ್ಲುನೋವೆಂದು ಕಾಗದದಲ್ಲಿ ಓದಿ, ತನ್ನ ಪಾಲಿನಿಂದ ಒಂದನ್ನು ಅವಳೇ ಕಳುಹಿಸಿದ್ದಳು.

"ಅಮ್ಮಾ, ಅಪ್ಪ ಗುಬ್ಬಿ ಎಂಜಲು ಮಾಡಿದ್ದಾರೆ! ನೋಡು, ಬಟ್ಟೆಯಲ್ಲಿ ಹಲ್ಲಿನ ಗುರುತು ಉಂಟು," ಎಂದು ಕುಣಿದಳು. ಮಿಠಾಯಿಗೆ ಬಟ್ಟೆ ಸುತ್ತಿ, ಕಚ್ಚಿ ಪಾಲು ಮಾಡುವುದು ಅವರಿಬ್ಬರ ಹಳೆಯ ಅಭ್ಯಾಸ.

ಉಂಡೆಯನ್ನು ಅವಳು ಅಲ್ಲಿಯೇ ಬಾಯಿಗೆ ಹಾಕಿಕೊಂಡಳು. ಮನೆಯಲ್ಲಿ ಫೋನಿಲ್ಲದ ಎಂಬತ್ತರ ದಶಕ ಅದು. ಅವರ ರಜೆಗೆ ಇನ್ನೂ ಒಂದು ವರ್ಷವಿತ್ತು. ಆ ವರ್ಷವಿಡೀ ನಾನು ಆ ಕರವಸ್ತ್ರವನ್ನು ಒಗೆಯಲಿಲ್ಲ.