ಪೈಪ್‌ಲೈನ್ ಕಲ್ಲಿಗೆ ಕುಂಕುಮ

ಮೊನ್ನೆ ಭಾನುವಾರ ನಾನು ನಾಗಮಂಗಲ ಕಡೆಯ ಒಂದು ರಾಗಿ ಹೊಲಕ್ಕೆ ಬೆಂಕಿ ಹಚ್ಚುವುದರಲ್ಲಿದ್ದೆ. ಬೆಂಕಿಕಡ್ಡಿಯಿಂದಲ್ಲ, ಪಾಂಡಿತ್ಯದಿಂದ.

ನಿಮಗೆ ಗೊತ್ತೇ ಇದೆ, ಕೆಲವು ವಾರಗಳಿಂದ ಇದೇ ಅಂಕಣದಲ್ಲಿ ಕರಾವಳಿಯ ದೊಡ್ಡ ರಿಫೈನರಿಯ ಇತಿಹಾಸ ಕೊರೆಯುತ್ತಿದ್ದೆ. (ಪೂರ್ತಿ ಓದಿದವರಿಗೆ ಥ್ಯಾಂಕ್ಸ್. ಇಬ್ಬರೂ ನನಗೆ ಪರಿಚಯದವರೇ.) ಗುಡ್ಡ ಸಮ ಮಾಡಿದ್ದು, ಅಲ್ಲಿನ ಊರುಗಳು ಜಾಗ ಬಿಟ್ಟುಕೊಟ್ಟು ಎದ್ದದ್ದು, ಹಡಗಿನಲ್ಲಿ ಕಚ್ಚಾ ತೈಲ ಬಂದದ್ದು, ಒಂದು ಘಟಕದ ಪಕ್ಕ ಇನ್ನೊಂದು ತಲೆ ಎತ್ತಿದ್ದು, ಎಲ್ಲ ಬರೆದೆ. ಕೊನೆಗೆ 'ನಂತರ ಪೈಪ್‌ಲೈನ್ ಘಟ್ಟ ಹತ್ತಿ ಬೆಂಗಳೂರು ಸೇರಿತು' ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಕಾಫಿಗೆ ಎದ್ದೆ.

ಆ ವಾಕ್ಯದ ನಡುವೆ ನನ್ನ ಅತ್ತೆಯ ಹೊಲವಿತ್ತು.

ಬಾಮೈದ ಶಿವಣ್ಣ ಫೋನ್ ಮಾಡಿದ. ಇಷ್ಟು ವರ್ಷ ಪಾಂಡವಪುರದಲ್ಲಿ ಅಂಗಡಿ ಇಟ್ಟಿದ್ದವನು, ಈಗಷ್ಟೇ ಬೇಸಾಯಕ್ಕೆ ಇಳಿದಿದ್ದಾನೆ. "ಬಾವ, ಕೃಷಿ ಹೊಂಡ ತೆಗುಸ್ಬೇಕು. ಹೊಲದೊಳ್ಗೆ ಪೆಟ್ರೋಲ್ ಪೈಪ್ ಅದೆ. ನೀವು ಅದ್ರ ಬಗ್ಗೇನೇ ಬರ್ದಿರೋದಲ್ವಾ, ಬಂದು ಜಾಗ ತೋರುಸ್ಬುಡಿ."

ಇಸ್ತ್ರಿ ಶರ್ಟು ಹಾಕಿಕೊಂಡು ಹೋದೆ.

ಬದುವಿನ ಮೇಲೆ ಕಂಪನಿಯವರ ಹಳದಿ ಕಲ್ಲು. ಪೈಪು ಇದರ ಕೆಳಗೇ ಇದೆ, ಅಗೆಯುವ ಮುಂಚೆ ಫೋನ್ ಮಾಡಿ ಎಂದು ನಂಬರನ್ನೂ ಬರೆದಿದ್ದರು. ಲೇಖನಮಾಲೆ ಬರೆದವನಿಗೆ ಫೋನ್ ಬೇರೆ ಕೇಡು! ಆದರೆ ನನ್ನನ್ನು ಮರುಳು ಮಾಡಿದ್ದು ನಂಬರಲ್ಲ, ಕಲ್ಲಿನ ಹಣೆಯ ಮೇಲಿದ್ದ ಕುಂಕುಮ. ಕಂಪನಿಯ ಕಲ್ಲಿಗೂ ನಮ್ಮ ರೈತರು ಎಷ್ಟು ಭಕ್ತಿ ತೋರುತ್ತಾರೆ ನೋಡಿ! ಫೋಟೋ ತೆಗೆದುಕೊಂಡೆ. 'ಕಪ್ಪು ಚಿನ್ನಕ್ಕೆ ಕುಂಕುಮದ ಬೊಟ್ಟು' ಅಂತ ಹೆಡ್ಡಿಂಗೂ ಹೊಳೆಯಿತು.

ಆಮೇಲೆ ಕಲ್ಲಿನಿಂದ ದೂರ ದೂರ ಹೆಜ್ಜೆ ಹಾಕಿಕೊಂಡು ಹೊಲದ ನಡುವೆ ಬಂದು ನಿಂತೆ. ಜೆಸಿಬಿ ಡ್ರೈವರ್‌ಗೆ ಬೆರಳು ತೋರಿಸಿದೆ. "ಇಲ್ಲಿ ಅಗಿ. ಹಂಡ್ರೆಡ್ ಪರ್ಸೆಂಟ್ ಸೇಫು."

ಬಕೆಟ್ ಮೇಲೆದ್ದಿತ್ತು. ಅಷ್ಟರಲ್ಲಿ ನಮಗೆ ರೊಟ್ಟಿ ತರುತ್ತಿದ್ದ ಅತ್ತೆ ಬುಟ್ಟಿಯನ್ನು ಬದುವಿನ ಮೇಲೇ ಬಿಟ್ಟು ಓಡಿ ಬಂದರು.

"ನಿಲ್ಸ್ಲಾ! ಪೈಪು ಅಲ್ಲೇ ಅದೆ ಕಣ್ಲಾ, ನಿನ್ ಗಾಡಿ ಕೆಳ್ಗೇ!"

"ಅತ್ತೆ, ಕಲ್ಲು ಬದುವಿನ ಮೇಲಿದೆಯಲ್ಲ?"

"ಕಲ್ಲು ಅಲ್ಲಿಲ್ದೆ ಇನ್ನೆಲ್ಲಿರ್ತದೆ ಅಳಿಯಂದ್ರೇ? ನಡು ಹೊಲದಲ್ಲಿ ಉಳೋಕೆ ಅಡ್ಡ ಆಯ್ತಿತ್ತು. ನಿಮ್ಮಾವ, ನಾನು ಇಬ್ರೂ ಸೇರಿ ಕಿತ್ತು ಬದೀಗೆ ನೆಟ್ಟೊ."

"ಮತ್ತೆ ಕುಂಕುಮ?"

"ನೆಟ್ಟಿದ್ ಕಲ್ಲ ಕದಲುಸುದ್ರೆ ಸುಮ್ನಿರಕ್ಕಾಯ್ತದಾ? ತಪ್ಪಾಯ್ತು ಅಂತ ಕಾಯಿ ಒಡ್ದೊ."

ಭಕ್ತಿಯಲ್ಲ, ಕ್ಷಮಾಪಣೆ! ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದೆ. ಶಿವಣ್ಣ, ಡ್ರೈವರ್, ಅತ್ತೆ, ಎಲ್ಲರೂ ನಾನು ಬೆರಳು ತೋರಿಸಿದ ಜಾಗದಲ್ಲೇ ನಿಂತಿದ್ದರು. ನಿಜ ಹೇಳುತ್ತೇನೆ, ಹಿಂದೆಂದೂ ಅಷ್ಟು ಹೆದರಿದ ನೆನಪಿಲ್ಲ.

ನಾಚಿಕೆ ಆಮೇಲೆ ಬಂತು. ನಾನೇನು ಸಿಟಿಯಲ್ಲಿ ಹುಟ್ಟಿದವನೇ? ನಮ್ಮ ತಾತನೂ ಪಕ್ಕದ ಹೊಲದವನೂ ಒಂದು ಗಡಿಕಲ್ಲಿಗಾಗಿ ಸಾಯುವ ತನಕ ಮಾತು ಬಿಟ್ಟಿದ್ದರು. ನಮ್ಮ ಸೀಮೆಯಲ್ಲಿ ಕಲ್ಲಿಗೆ ಕಾಲಿರುತ್ತದೆ, ಅದು ಹಾಲು ಕುಡಿಯುವ ಮಗುವಿಗೂ ಗೊತ್ತು. ಆದರೂ ಹಳದಿ ಬಣ್ಣ ಬಳಿದು ನಂಬರ್ ಬರೆದುಬಿಟ್ಟರೆ ನಂಬಿಬಿಡುತ್ತೇವಲ್ಲ, ಯಾಕೆ?

ಕೊನೆಗೆ ಆ ನಂಬರ್‌ಗೇ ಫೋನ್ ಮಾಡಿದೆವು. ಕಂಪನಿಯವರು ಬಂದು, ಮೆಷಿನ್ ಹಿಡಿದು ನೋಡಿ, ಪೈಪು ಬಕೆಟ್ಟಿನ ನೇರಕ್ಕೇ ಇದೆ ಅಂದರು. ಎಲ್ಲರಿಗೂ ಸೇರಿಸಿ ಬೈದರು. ನನಗೆ ಒಂದು ಕೈ ಜಾಸ್ತಿ, ಏಕೆಂದರೆ ನಾನು ಲೇಖನ ಬರೆದವನೆಂದು ಶಿವಣ್ಣ ಹೆಮ್ಮೆಯಿಂದ ಹೇಳಿಬಿಟ್ಟಿದ್ದ. ಹೊಂಡಕ್ಕೆ ಬೇರೆ ಮೂಲೆ ಗುರುತು ಮಾಡಿಕೊಟ್ಟು, ಕಲ್ಲನ್ನು ಹಳೇ ಜಾಗಕ್ಕೇ ನೆಟ್ಟು ಹೋದರು.

ಅತ್ತೆ ಕಲ್ಲನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು. "ಮತ್ತೆ ಕದಲುಸ್ಬುಟ್ರಲ್ಲ. ಓಗಿ ಒಂದ್ ಕಾಯಿ ತಕ್ಕೊಬನ್ನಿ ಅಳಿಯಂದ್ರೇ."

ತಂದೆ. ಒಡೆದೆ. ಇತಿಹಾಸ ಬರೆಯಲು ಕೂರುವವನು ಮೊದಲು ಅತ್ತೆಯನ್ನು ಒಂದು ಮಾತು ಕೇಳಬಾರದೇ?